ದುಡಿಮೆಯೂ ಹದವೂ

ದಿನವಿಡೀ ಮೈಮುರಿದು ದುಡಿಯುವವನಿಗೆ ಪಥ್ಯವೇಕೆ, ವ್ಯಾಯಾಮವೇಕೆ ಎಂಬ ಪ್ರಶ್ನೆ ನಮ್ಮ ಸುಲ್ತಾನ್‌ಪೇಟೆಯಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಕಾಗದದ ಮಳಿಗೆಗಳೂ ಲಗ್ನಪತ್ರಿಕೆಯ ಅಂಗಡಿಗಳೂ ಒತ್ತೊತ್ತಾಗಿರುವ ಈ ಪೇಟೆಯಲ್ಲಿ ಕೂತು ಉಣ್ಣುವವರು ಕಡಿಮೆ. ನಾನಿರುವ ಅಂಗಡಿಯನ್ನೇ ನೋಡಿ: ಅಟ್ಟ ಹತ್ತಿ ರೀಮು ಇಳಿಸುವುದು, ಗಿರಾಕಿಗಳಿಗೆ ಮಾದರಿ ತೋರಿಸುವುದು, ಪ್ರೆಸ್ಸಿಗೆ ಓಡುವುದು, ಇಷ್ಟರಲ್ಲೇ ಸಂಜೆಯಾಗುತ್ತದೆ. ಆದರೂ ನಮ್ಮಲ್ಲಿ ಹಲವರ ಅಂಗಿಯ ಗುಂಡಿ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಲೇ ಇದೆ. ಇದು ವೈದ್ಯರು ಉತ್ತರಿಸಬೇಕಾದ ಪ್ರಶ್ನೆಯೆಂದು ತೋರಬಹುದು. ನನಗೆ ಮಾತ್ರ ಇದು ನೀತಿಯ ಪ್ರಶ್ನೆಯೂ ಹೌದು. ಅದರ ಬೆನ್ನಿಗೆ ಒಂದು ಹಕ್ಕಿನ ವಾದವಿದೆ: ದುಡಿದಿದ್ದೇನೆ, ಆದ್ದರಿಂದ ತಿನ್ನುತ್ತೇನೆ.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದುಡಿಯದೆ ಉಣ್ಣುವುದು ಹೀನವೆಂಬ ಭಾವನೆ ನಮ್ಮ ನಾಡಿನಲ್ಲಿ ಆಳವಾಗಿ ಬೇರೂರಿದೆ. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವನ್ನು ಯಾರು ಮರೆತಾರು? ಆದರೆ ಉಣ್ಣುವ ಹಕ್ಕು ಒಂದು. ಎಷ್ಟು ಉಣ್ಣಬೇಕೆಂಬ ವಿವೇಕ ಇನ್ನೊಂದು. ಮೊದಲನೆಯದನ್ನು ದುಡಿಮೆ ಕೊಡುತ್ತದೆ. ಎರಡನೆಯದನ್ನು ಅದು ಕೊಡಲಾರದು.

ದುಡಿಮೆಯಿಂದ ದೇಹಕ್ಕೆ ಲಾಭವಿಲ್ಲವೆಂದಲ್ಲ. ಲಂಡನ್ನಿನ ಬಸ್ಸುಗಳಲ್ಲಿ ಕೂತೇ ಇರುವ ಡ್ರೈವರುಗಳಿಗಿಂತ, ಮಹಡಿಯ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯದ ಬೇನೆ ಕಡಿಮೆಯೆಂದು ಜೆರೆಮಿ ಮಾರಿಸ್ ಎಂಬ ವೈದ್ಯರು ೧೯೫೩ರಲ್ಲಿ ತೋರಿಸಿದರು. ಆದರೆ ತೂಕದ ಕಥೆ ಬೇರೆ. ೧೯೫೬ರಲ್ಲಿ ಝಾನ್ ಮೇಯರ್ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ೨೧೩ ಜನರ ಆಹಾರವನ್ನೂ ತೂಕವನ್ನೂ ಲೆಕ್ಕಹಾಕಿದರು. ಕಷ್ಟದ ಕೆಲಸ ಮಾಡುವವರಲ್ಲಿ ಕೆಲಸ ಹೆಚ್ಚಿದಷ್ಟೂ ಊಟ ಹೆಚ್ಚಿತ್ತು. ಅಂಗಡಿಯಲ್ಲಿ ಕೂತೇ ಇರುವವರಲ್ಲಿ ಕೆಲಸ ಕಡಿಮೆಯಿದ್ದರೂ ಊಟ ಕಡಿಮೆಯಿರಲಿಲ್ಲ. ತೂಕ ಮಾತ್ರ ಹೆಚ್ಚಿತ್ತು. ೨೦೧೨ರಲ್ಲಿ ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು ತಾಂಜಾನಿಯಾದ ಹಡ್ಜಾ ಬೇಟೆಗಾರರನ್ನು ಅಳೆದು ನೋಡಿದರು. ದಿನವೂ ಹರದಾರಿಗಟ್ಟಲೆ ನಡೆಯುವ ಆ ಜನ ಒಟ್ಟಾರೆ ವ್ಯಯಿಸುವ ಶಕ್ತಿ, ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದರೆ, ಪಶ್ಚಿಮದ ನಗರವಾಸಿಗಳಿಗಿಂತ ಹೆಚ್ಚೇನೂ ಇರಲಿಲ್ಲ.

ಇದರ ತಾತ್ಪರ್ಯವಿಷ್ಟು: ದೇಹ ನಮ್ಮ ಅಂಗಡಿಯ ಗುಮಾಸ್ತನಲ್ಲ. ಇಷ್ಟು ಕೆಲಸ ಜಮೆ, ಇಷ್ಟು ತಿಂಡಿ ಖರ್ಚು ಎಂದು ಅದು ನಾವು ಬರೆದ ಖಾತೆಗೆ ರುಜು ಹಾಕುವುದಿಲ್ಲ. ದುಡಿದಷ್ಟೂ ಹಸಿವು ಏರುತ್ತದೆ, ದಣಿದ ಮನಸ್ಸು ಆ ಹಸಿವಿಗೆ ಇನ್ನಷ್ಟು ಕೂಡಿಸುತ್ತದೆ. ತಿನ್ನುವುದನ್ನು ಕೂಲಿಯೆಂದು ತಿಳಿದವನಿಗೆ ಕೂಲಿ ಎಂದೂ ಸಾಲದು.

ಹಾಗೆಂದು ಉಪವಾಸದ ಶಪಥ ತೊಡಬೇಕೇ? ಚರಕಸಂಹಿತೆ ಇಲ್ಲಿ ಬಹಳ ನಯವಾದ ದಾರಿ ತೋರಿಸುತ್ತದೆ. ರೂಢಿಯಾದ ಅಹಿತವನ್ನು ಒಮ್ಮೆಗೇ ಬಿಡಬೇಡ, ಕಾಲುಭಾಗ ಬಿಡು. ಆ ಜಾಗಕ್ಕೆ ಹಿತವಾದದ್ದನ್ನು ಕಾಲುಭಾಗ ತಂದುಕೋ. ಹೀಗೆ ಕ್ರಮವಾಗಿ ಬಿಟ್ಟ ದೋಷ ಮರಳದು, ಕ್ರಮವಾಗಿ ಬಂದ ಗುಣ ಅಲುಗದು ಎಂಬುದು ಅದರ ಅಭಿಪ್ರಾಯ. ಇದು ಬರೀ ವೈದ್ಯವಲ್ಲ, ಮನುಷ್ಯಸ್ವಭಾವದ ಪರಿಚಯ. ದೊಡ್ಡ ಶಪಥದಲ್ಲಿ ಅಹಂಕಾರಕ್ಕೆ ಪಾಲಿರುತ್ತದೆ. ಸಣ್ಣ ಬದಲಾವಣೆಗೆ ಚಪ್ಪಾಳೆ ತಟ್ಟುವವರಿಲ್ಲ. ಆದ್ದರಿಂದಲೇ ಅದು ಬಾಳುತ್ತದೆ.

ಲೆಕ್ಕವನ್ನೇ ಬಯಸುವವರಿಗೆ ಒಂದು ಲೆಕ್ಕ. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು ೪೦ ಗ್ರಾಮು, ಅಂದರೆ ೧೬೦ ಕ್ಯಾಲೊರಿ. ಅದನ್ನು ಕರಗಿಸಲು ಮುಕ್ಕಾಲು ಗಂಟೆಯಷ್ಟು ನಡೆಯಬೇಕು. ಚಮಚ ಒಂದಾದರೆ ನಾಲಗೆ ಕೆಲವು ದಿನ ಗೊಣಗಿ ಸುಮ್ಮನಾಗುತ್ತದೆ. ಸಂಜೆ ಆಟೋ ಹಿಡಿಯದೆ ಮೆಜೆಸ್ಟಿಕ್ಕಿನವರೆಗೆ ನಡೆಯುವುದು ಇನ್ನೊಂದು ಉಪಾಯ. ಅಂಗಡಿಯೊಳಗಿನ ಓಡಾಟ ನಿಂತು ನಿಂತು ಸಾಗುವಂಥದು, ಇದಾದರೋ ಒಂದೇ ಸಮನೆ ಸಾಗುವ ನಡಿಗೆ. ನಮ್ಮ ಬೆಂಗಳೂರಿನ ಬೈ ಟು ಕಾಫಿಗಿಂತ ದೊಡ್ಡ ಗುರು ಬೇಕೇ? ಅರ್ಧ ಲೋಟ ಕುಡಿದವನಿಗೆ ಏನನ್ನೋ ತ್ಯಾಗಮಾಡಿದೆನೆಂಬ ಭಾವನೆ ಬರುವುದಿಲ್ಲ, ಉಳಿದರ್ಧ ಗೆಳೆಯನ ಕೈಯಲ್ಲಿರುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಅಗತ್ಯ. ಇದೇ ಬೀದಿಯಲ್ಲಿ ಕಾಗದದ ಹೊರೆ ಹೊರುವ ಹಮಾಲಿಯ ಮೈಯಲ್ಲಿ ಬೊಜ್ಜಿಲ್ಲ. ಅದು ಸಂಯಮದ ಫಲವೆಂದು ಹೊಗಳಿದರೆ ಅವನ ಬಡತನವನ್ನು ಅಣಕಿಸಿದಂತೆ. ಹಾಗೆಯೇ ದಪ್ಪಗಿರುವವನನ್ನು ಸೋಮಾರಿಯೆಂದು ಜರೆಯುವುದೂ ಅನ್ಯಾಯ: ವಯಸ್ಸು, ವಂಶ, ನಿದ್ರೆ, ನುಂಗುವ ಔಷಧಿ ಇವೆಲ್ಲಕ್ಕೂ ತೂಕದಲ್ಲಿ ಕೈವಾಡವುಂಟು. ತಕ್ಕಡಿ ಶರೀರವನ್ನು ತೂಗೀತು, ಶೀಲವನ್ನಲ್ಲ. ಮಿತದ ಉಪದೇಶ, ಹೊಟ್ಟೆ ತುಂಬಿದವನು ತನಗೆ ತಾನು ಹೇಳಿಕೊಳ್ಳಬೇಕಾದದ್ದು. ತುಂಬದವನಿಗೆ ಸಲ್ಲಬೇಕಾದದ್ದು ಊಟ.

ದುಡಿಮೆ ನಮಗೆ ಅನ್ನವನ್ನು ಕೊಡುತ್ತದೆ, ಮರ್ಯಾದೆಯನ್ನು ಕೊಡುತ್ತದೆ. ಹದವನ್ನು ಕೊಡು ಎಂದು ಅದನ್ನು ಕಾಡುವುದು ಸಲ್ಲದು. ಆ ಕೆಲಸ ನಮ್ಮದು. ದಿನಕ್ಕೊಂದು ಚಮಚದಷ್ಟು ಸಣ್ಣದಾದರೂ, ಅದನ್ನು ನಮ್ಮ ಪರವಾಗಿ ಇನ್ನೊಬ್ಬರು ಮಾಡಲಾರರು.