ಹಗೆಯ ಮೇಲೆ ನಿಂತ ಗೆಳೆತನ

ಗೆಳೆಯನಿಗಾಗಿ ಪ್ರಾಣವನ್ನೇ ಪಣವಾಗಿಡುವುದು ಸದ್ಗುಣವೆಂದು ಲೋಕವು ಕೊಂಡಾಡುತ್ತದೆ. ಆದರೆ ಆ ಗೆಳೆಯರೆಲ್ಲ ಕೂಡಿ ಬೀದಿಯಲ್ಲಿ ಭೀತಿ ಹುಟ್ಟಿಸುವ ಪುಂಡರ ಗುಂಪಾಗಿದ್ದರೆ, ಅವರಲ್ಲಿರುವ ನಿಷ್ಠೆಯು ಗುಣವೋ ದೋಷವೋ? ಮಕ್ಕಳೊಂದಿಗರಾದ ಗೃಹಸ್ಥರೂ ಪಾಠ ಹೇಳುವ ಉಪಾಧ್ಯಾಯರೂ ಈ ಪ್ರಶ್ನೆಯನ್ನು ಬಿಡಿಸಿ ನೋಡುವುದು ಅವಶ್ಯ. ಏಕೆಂದರೆ ಮೂಲವನ್ನರಿಯದೆ ಕೊಟ್ಟ ಮದ್ದು ರೋಗವನ್ನೇ ಬೆಳೆಸಬಹುದು.

ಅಮೆರಿಕ ದೇಶದ ಶಿಕಾಗೋ ನಗರದಲ್ಲಿ ಫ್ರೆಡರಿಕ್ ಥ್ರ್ಯಾಷರ್ ಎಂಬ ಸಮಾಜಶಾಸ್ತ್ರಜ್ಞರು ಇಂತಹ 1,313 ಗುಂಪುಗಳನ್ನು ಪರಿಶೀಲಿಸಿ, 1927ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಕಂಡ ಸಂಗತಿ ವಿಚಾರಾರ್ಹವಾದುದು. ಓಣಿಯ ಹುಡುಗರು ತಾವಾಗಿಯೇ ಕಟ್ಟಿಕೊಂಡ ಆಟದ ಕೂಟವೇ ಗುಂಪಿನ ಮೊದಲ ರೂಪ. ಮನೆ, ಶಾಲೆ, ನೆರೆಹೊರೆಗಳ ಹಿಡಿತವು ಸಡಿಲವಾದ ಕಡೆಗಳಲ್ಲಿ, ಇನ್ನೊಂದು ಕೂಟದೊಡನೆ ಜಗಳ ಹತ್ತಿದಾಗ, ಆಟದ ಕೂಟವು ಬಿಗಿದುಕೊಂಡು ಪುಂಡರ ಗುಂಪಾಗುತ್ತಿತ್ತು. ಜಗಳವೇ ಅದರ ಗೋಡೆಗೆ ಗಾರೆಯಾಗಿತ್ತು.

ನಮ್ಮ ಪ್ರಶ್ನೆಗೆ ಉತ್ತರದ ಎಳೆ ಇಲ್ಲಿಯೇ ಇದೆ. ತನ್ನನ್ನು ‘ನಮ್ಮವನು’ ಎಂದು ಕರೆಯುವ ನಾಲ್ವರನ್ನು ಹುಡುಗನು ಅರಸುತ್ತಾನೆ. ಆ ಅರಸುವಿಕೆಯು ನಿರ್ದೋಷವಾದುದು. ಆ ಸ್ನೇಹವು ಬಾಳಲು ಹಗೆಯೊಂದು ಬೇಕಾಗುವುದರಲ್ಲಿ ದೋಷವಿದೆ. ಸಜ್ಜನರ ಸಂಗವು ಎದುರಾಳಿಯಿಲ್ಲದೆಯೂ ಬಾಳಬಲ್ಲುದು. ಅದನ್ನು ಬಿಟ್ಟು ಹೊರಟವನನ್ನು ಯಾರೂ ಬೆದರಿಸರು. ಪುಂಡರ ಗುಂಪಿನಲ್ಲಾದರೋ ಶತ್ರುವಿಲ್ಲದೆ ನಿಷ್ಠೆಗೆ ಅರ್ಥವಿಲ್ಲ. ಬಿಡಬಯಸುವವನಿಗೆ ಅಂಜಿಕೆ ತಪ್ಪಿದ್ದಲ್ಲ. ಬೀಜವು ಒಳ್ಳೆಯದೇ ಸರಿ, ಅದು ಬಿದ್ದ ನೆಲವು ಕೆಟ್ಟುದು.

ಇನ್ನು ಲಕ್ಷಣಗಳ ಮಾತು. ಹದಿಮೂರರಿಂದ ಹದಿನೈದರ ವಯಸ್ಸು ಗುಂಪಿಗೆ ಸೇರುವ ಮುಖ್ಯ ಕಾಲವೆಂದು ಅಲ್ಲಿಯ ಅಧ್ಯಯನಗಳು ಕಂಡುಕೊಂಡಿವೆ. ಹಳೆಯ ಗೆಳೆಯರನ್ನು ಒಮ್ಮೆಲೇ ತೊರೆಯುವುದು, ಶಾಲೆ ತಪ್ಪಿಸುವುದು, ಎಲ್ಲಿಂದ ಬಂದಿತೆಂದು ಹೇಳಲಾಗದ ಹಣ, ಕಾರಣ ಹೇಳದ ಗಾಯ, ಗುಂಪಿಗೆಲ್ಲ ಒಂದೇ ಗುರುತು ಅಥವಾ ಹಚ್ಚೆ, ಮೊಬೈಲಿನಲ್ಲಿ ಆಯುಧ ಹಿಡಿದ ಚಿತ್ರಗಳ ಪ್ರದರ್ಶನ — ಇವು ಎಚ್ಚರಿಕೆಯ ಚಿಹ್ನೆಗಳು. ಆದರೆ ಚಿಹ್ನೆಯು ಪ್ರಮಾಣವಲ್ಲ. ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಪೊಲೀಸರು ಗುಂಪಿನವರ ಪಟ್ಟಿಯೊಂದನ್ನು ಇಟ್ಟಿದ್ದರು. 2016ರಲ್ಲಿ ಸರಕಾರಿ ಲೆಕ್ಕಪರಿಶೋಧಕರು ಅದನ್ನು ತೆರೆದು ನೋಡಿದಾಗ, ದಾಖಲೆಯ ಪ್ರಕಾರ ಒಂದು ವರ್ಷವೂ ತುಂಬದ 42 ಮಂದಿ ಅದರಲ್ಲಿದ್ದರು. ಅವರಲ್ಲಿ 28 ಮಂದಿ ತಾವು ಗುಂಪಿನವರೆಂದು ತಾವೇ ಒಪ್ಪಿಕೊಂಡರೆಂದು ಬರೆದಿತ್ತು! ಸಂಶಯವೇ ಶಾಸ್ತ್ರವಾದಾಗ ಹೀಗಾಗುತ್ತದೆ. ‘ಪುಂಡ’ನೆಂದು ನಾವು ಕರೆದ ಹುಡುಗನಿಗೆ ಆ ಹೆಸರಿನಲ್ಲಿಯೇ ಆದರ ತೋರುವ ಜಾಗವೊಂದು ಕಾದಿರುತ್ತದೆಂಬುದನ್ನು ಮರೆಯಬಾರದು.

ಹಾಗಾದರೆ ದಂಡನೆ ಬೇಡವೇ ಎಂದು ಕೇಳಬಹುದು. ಬೇಕು, ಆದರೆ ದಂಡನೆಯು ಕೃತ್ಯಕ್ಕೆ ಸಲ್ಲಬೇಕು, ಹುಡುಗನನ್ನು ಹೊರದೂಡಬಾರದು. ಬಾಸ್ಟನ್ ನಗರದಲ್ಲಿ 1996ರಲ್ಲಿ ಪೊಲೀಸರು, ಬೀದಿಯ ಸಮಾಜಸೇವಕರು, ಕ್ರೈಸ್ತ ಪಾದ್ರಿಗಳು ಒಟ್ಟಾಗಿ ಗುಂಪಿನ ಯುವಕರನ್ನು ಕರೆದು ಕೂರಿಸಿ ಎರಡು ಮಾತು ಹೇಳಿದರು: ಕೊಲೆ ನಿಲ್ಲದಿದ್ದರೆ ಕಠಿಣ ಶಾಸನ ತಪ್ಪದು, ಬಾಳನ್ನು ತಿದ್ದಿಕೊಳ್ಳುವವನಿಗೆ ನೆರವು ಸಿದ್ಧವಿದೆ. ತರುವಾಯ ಅಲ್ಲಿ ಕೊಲೆಯಾದ ಯುವಕರ ತಿಂಗಳ ಸರಾಸರಿ ಸಂಖ್ಯೆಯು ಶೇಕಡ 63ರಷ್ಟು ಇಳಿಯಿತು. ಇಳಿಕೆಯಲ್ಲಿ ಎಷ್ಟು ಭಾಗ ಈ ಯತ್ನದ ಫಲವೆಂಬುದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವುಂಟು. ಬೆದರಿಕೆ ಮತ್ತು ಕರುಣೆಗಳನ್ನು ಒಂದೇ ಬಾಯಿ ನುಡಿಯಿತೆಂಬುದೇ ಗಮನಾರ್ಹ. ಲಾಸ್ ಏಂಜಲೀಸ್‌ನಲ್ಲಿ ಗ್ರೆಗರಿ ಬಾಯ್ಲ್ ಎಂಬ ಪಾದ್ರಿಯವರು 1988ರಲ್ಲಿ ಇಂತಹ ಯುವಕರಿಗೆ ಉದ್ಯೋಗ ದೊರಕಿಸುವ ಕೆಲಸಕ್ಕೆ ತೊಡಗಿ, 1992ರಲ್ಲಿ ಬೇಕರಿಯೊಂದನ್ನು ತೆರೆದರು. ಒಂದು ಕಾಲಕ್ಕೆ ಪರಸ್ಪರ ಶತ್ರುಗಳಾಗಿದ್ದವರು ಅಲ್ಲಿ ಒಟ್ಟಿಗೆ ಹಿಟ್ಟು ನಾದಿದರು. ಹಗೆಯಿಂದ ಬೆಸೆದುದನ್ನು ಕಾಯಕವು ಬೇರೊಂದು ಬಗೆಯಲ್ಲಿ ಬೆಸೆಯಬಲ್ಲುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಹುಡುಗರನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುವ ಹಿರಿಯರ ಕೈವಾಡವೂ ಕೆಲವೆಡೆ ಇರುತ್ತದೆ. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯು, ಅಕ್ರಮ ಕೆಲಸಕ್ಕೆ ಮಕ್ಕಳನ್ನು ಬಳಸುವ ವಯಸ್ಕರಿಗೆ ಏಳು ವರ್ಷಗಳವರೆಗೆ ಕಠಿಣ ಸೆರೆವಾಸವನ್ನು ವಿಧಿಸುತ್ತದೆ. ಅಪಾಯದಲ್ಲಿರುವ ಮಗುವಿಗಾಗಿ 1098 ಎಂಬ ಸಹಾಯವಾಣಿಯೂ ಉಂಟು. ಊರಿನವರು ಇವನ್ನು ತಿಳಿದಿರತಕ್ಕದ್ದು.

ಗುಂಪಿಗೆ ಸೇರಿದ ಹುಡುಗರಲ್ಲಿ ಬಹುಮಂದಿ ಒಂದೆರಡು ವರ್ಷಗಳಲ್ಲಿಯೇ ಅದನ್ನು ಬಿಡುವರೆಂದು ಅಮೆರಿಕದ ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಇದು ಧೈರ್ಯ ಕೊಡುವ ಮಾತು. ಹೊಣೆಯನ್ನು ಹೊರಿಸುವ ಮಾತೂ ಹೌದು. ಅವನು ಮರಳಿ ಬರುವಾಗ ಮನೆಯ ಬಾಗಿಲೂ ಶಾಲೆಯ ಬಾಗಿಲೂ ತೆರೆದಿರಬೇಕಷ್ಟೆ. ಆದುದರಿಂದ ಗೃಹಸ್ಥರು ಮಗನನ್ನು ‘ಯಾರೊಡನೆ ತಿರುಗುತ್ತೀಯೆ?’ ಎಂದು ಗದರಿಸುವ ಮುನ್ನ, ಅವನೊಡನೆ ಕುಳಿತು ಉಣ್ಣುವವರು, ಅವನ ಮಾತಿಗೆ ಕಿವಿಗೊಡುವವರು, ಅವನ ಕೈಗೊಂದು ಕೆಲಸವನ್ನು ನಂಬಿ ಒಪ್ಪಿಸುವವರು ಮನೆಯಲ್ಲಿ ಯಾರಿರುವರೆಂದು ನೋಡಿಕೊಳ್ಳಲಿ. ಮನೆಯಲ್ಲಿ ‘ನಮ್ಮವನು’ ಎನಿಸಿಕೊಂಡವನು ಆ ಮಾತನ್ನು ಕೇಳಲು ಬೀದಿಗೆ ಹೋಗಬೇಕಾಗಿಲ್ಲ.