ಇಂದಿನ ಧಮ್ಮ ಚಿಂತನೆ: ಅನುಮಾನ ಬೇರೆ, ತೀರ್ಪು ಬೇರೆ



ದೊಡ್ಡವರ ಸಾವಿನ ಬಗ್ಗೆ ಅನುಮಾನ ಪಡುವುದು ತಪ್ಪೇ? ನೆಪೋಲಿಯನ್ ಮತ್ತು ಅವನ ಮಗನ ಸಾವನ್ನು ಮುಂದಿಟ್ಟುಕೊಂಡು ಇಂದು ಯೋಚಿಸೋಣ.

ವಾಟರ್ಲೂನಲ್ಲಿ ಸೋತ ಫ್ರಾನ್ಸಿನ ಆ ಚಕ್ರವರ್ತಿಯನ್ನು ಬ್ರಿಟಿಷರು 1815ರಲ್ಲಿ ಸೇಂಟ್ ಹೆಲೆನಾ ದ್ವೀಪಕ್ಕೆ ಗಡೀಪಾರು ಮಾಡಿದರು. 1821ರ ಮೇ 5ರಂದು, 51ನೇ ವಯಸ್ಸಿನಲ್ಲಿ ಅವನು ಅಲ್ಲೇ ತೀರಿಕೊಂಡ. ಶವಪರೀಕ್ಷೆಯಲ್ಲಿ ಕಂಡದ್ದು ಜಠರದ ರೋಗ. ಆದರೆ ಇಂಗ್ಲಿಷರೇ ತನ್ನನ್ನು ಕೊಂದರು ಎಂಬ ಆರೋಪ ಅವನ ಉಯಿಲಿನಲ್ಲೇ ಇತ್ತು. ಯಕೃತ್ತು ಊದಿತ್ತು ಎಂದು ಬ್ರಿಟಿಷ್ ವೈದ್ಯ ಶಾರ್ಟ್ ಬರೆದ ಮಾತನ್ನು ಗವರ್ನರ್ ಹಡ್ಸನ್ ಲೋ ವರದಿಯಿಂದ ತೆಗೆಸಿಹಾಕಿದ. ದ್ವೀಪದ ಹವೆಯೇ ಕೈದಿಯನ್ನು ಕೊಂದಿತು ಎಂಬ ಅಪವಾದ ಸರ್ಕಾರಕ್ಕೆ ಬೇಕಿರಲಿಲ್ಲ.

ಮಗ ತಾಯಿಯ ತವರಾದ ವಿಯೆನ್ನಾದಲ್ಲಿ ಬೆಳೆದ. 1832ರಲ್ಲಿ, 21ನೇ ವಯಸ್ಸಿಗೆ, ಕ್ಷಯದಿಂದ ಸತ್ತ. ಮಂತ್ರಿ ಮೆಟರ್ನಿಕ್ ವಿಷ ಹಾಕಿಸಿದ ಎಂಬ ಗುಲ್ಲು ಎದ್ದಿತು.

1960ರ ದಶಕದಲ್ಲಿ ಫೋರ್ಶುಫ್‌ವುಡ್ ಎಂಬ ಸ್ವೀಡನ್ನಿನ ದಂತವೈದ್ಯರು, ನೆಪೋಲಿಯನ್ನನ ಕೂದಲಿನಲ್ಲಿ ಆರ್ಸೆನಿಕ್ ಇದೆ, ಇದು ಕೊಲೆ ಎಂದರು. 2008ರಲ್ಲಿ ಇಟಲಿಯ ವಿಜ್ಞಾನಿಗಳು ಅವನ ಬಾಲ್ಯದ ಕೂದಲು, ಸೆರೆಯ ಕಾಲದ ಕೂದಲು, ಮಗನ ಕೂದಲು, ಮೊದಲ ಹೆಂಡತಿ ಜೋಸೆಫೀನಳ ಕೂದಲು ಎಲ್ಲವನ್ನೂ ಪರೀಕ್ಷಿಸಿದರು. ಎಲ್ಲದರಲ್ಲೂ ಆರ್ಸೆನಿಕ್ ಹೆಚ್ಚೇ ಇತ್ತು! ಆ ಕಾಲದ ಜನರ ಮೈಯಲ್ಲೇ ಅದು ಸೇರಿಕೊಂಡಿತ್ತು.

ಅನುಮಾನಪಟ್ಟವರು ದಡ್ಡರಲ್ಲ ಎಂದೇ ನಾನು ಹೇಳುತ್ತೇನೆ. ವರದಿಯನ್ನು ನಿಜಕ್ಕೂ ತಿದ್ದಿದ್ದರು. ಆದರೆ "ವರದಿ ತಿದ್ದಿದರು" ಎಂಬುದಕ್ಕೂ "ವಿಷ ಹಾಕಿದರು" ಎಂಬುದಕ್ಕೂ ನಡುವೆ ಒಂದು ಕಂದಕವಿದೆ. ಅದನ್ನು ಸಾಕ್ಷಿಯಿಂದ ತುಂಬಬೇಕು, ಸಿಟ್ಟಿನಿಂದಲ್ಲ.

ಬಂಧುಗಳೇ, ಇದು ನಮ್ಮ ಮನೆಯ ಪ್ರಶ್ನೆಯೂ ಹೌದು. 1956ರ ಡಿಸೆಂಬರ್ 6ರಂದು ಬಾಬಾಸಾಹೇಬರು ಪರಿನಿಬ್ಬಾಣ ಹೊಂದಿದಾಗ ಅನುಮಾನದ ಬೆರಳು ಮಾಯಿಸಾಹೇಬ್ ಸವಿತಾ ಅವರ ಕಡೆ ತಿರುಗಿತು. ಬಾಬಾಸಾಹೇಬರು ವರ್ಷಗಳಿಂದ ಮಧುಮೇಹದಿಂದ ನರಳುತ್ತಿದ್ದರು. ಸರ್ಕಾರವೂ ವಿಚಾರಿಸಿ ಸಹಜ ಸಾವು ಎಂದಿತು. ಆದರೂ ಆ ತಾಯಿ ದಶಕಗಳ ಕಾಲ ಆ ಕಳಂಕ ಹೊತ್ತು ಬದುಕಿ 2003ರಲ್ಲಿ ತೀರಿಕೊಂಡರು.

"ಸರ್ಕಾರ ಹೇಳಿದ್ದನ್ನು ನಂಬಬೇಕೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮವರು ಠಾಣೆಯಲ್ಲಿ, ಮ್ಯಾನ್‌ಹೋಲಿನಲ್ಲಿ ಸತ್ತಾಗ ಕಾಗದದ ಮೇಲೆ ಬೇರೆಯೇ ಕಾರಣ ಬರೆದದ್ದನ್ನು ಕಂಡ ಜನ ನಾವು. ಆದ್ದರಿಂದ ಕೇಳುವುದನ್ನು ಬಿಡಬೇಡಿ. ಎಫ್‌ಐಆರ್ ಪ್ರತಿ ಕೇಳಿ, ಶವಪರೀಕ್ಷೆಯ ವರದಿ ಕೇಳಿ, ಮರುತನಿಖೆ ಕೇಳಿ. ಅದು ನಮ್ಮ ಹಕ್ಕು.

ಆದರೆ ಸಾಕ್ಷಿಯಿಲ್ಲದೆ ಒಬ್ಬರ ಹೆಸರು ಹಿಡಿದು "ಕೊಲೆಗಾರ" ಎಂದರೆ ನಾವು ತೆಗೆದುಕೊಂಡ ನಾಲ್ಕನೇ ಶೀಲ ಮುರಿಯುತ್ತದೆ. ಎಲ್ಲರೂ ಹೇಳುತ್ತಾರೆಂದು ಒಪ್ಪಬೇಡಿ, ಗುರು ಹೇಳಿದನೆಂದೂ ಒಪ್ಪಬೇಡಿ ಎಂದು ಬುದ್ಧರು ಕಾಲಾಮರಿಗೆ ತಿಳಿಸಿದರು. ಸಾಯುವವನ ಉಯಿಲಿಗೂ ಈ ಮಾತು ಅನ್ವಯಿಸುತ್ತದೆ, ನಮ್ಮ ದುಃಖಕ್ಕೂ ಅನ್ವಯಿಸುತ್ತದೆ.

*ಇಂದಿನ ಅಭ್ಯಾಸ:* ಯಾರದಾದರೂ ಸಾವಿನ ಬಗ್ಗೆ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಇದಕ್ಕೆ ಸಾಕ್ಷಿ ಏನು? ಇದು ಸುಳ್ಳಾದರೆ ನೋವು ಯಾರಿಗೆ?

ಭವತು ಸಬ್ಬ ಮಂಗಲಂ 🌸
ಜೈ ಭೀಮ್