ಕರ್ತೃದೋಷವೋ, ಕರಣದೋಷವೋ?

ಉಪಕರಣವು ಕೆಟ್ಟುದಾಗಿದ್ದರೆ ಅದರಿಂದಾದ ಕಾರ್ಯದೋಷಕ್ಕೆ ಹೊಣೆಗಾರರು ಯಾರು? ಪ್ರಶ್ನೆಯು ಹಳೆಯದು, ಆದರೆ ಹೆಗ್ಗನಹಳ್ಳಿಯ ನಮ್ಮ ಮನೆಗೆ ಕಳೆದ ತಿಂಗಳು ಅದು ಹೊಸ ವೇಷದಲ್ಲಿ ಬಂದಿತು.

ನನ್ನ ಮಗನು ಕಂಪ್ಯೂಟರುಗಳಿಗೆ ಕೋಡ್ ಬರೆಯುವ ಕಛೇರಿಯೊಂದರಲ್ಲಿ ಉದ್ಯೋಗಿ. ಅಲ್ಲಿ ಒಬ್ಬರು ಬರೆದುದನ್ನು ಮತ್ತೊಬ್ಬರು ಓದಿ ಒಪ್ಪಿದ ಹೊರತು ಅದು ಬಳಕೆಗೆ ಬರಕೂಡದು. ಇಂಥ ಬರವಣಿಗೆಯ ಒಂದೊಂದು ಮಾರ್ಪಾಟನ್ನೂ ದಾಖಲಿಡುವುದಕ್ಕಾಗಿ ಲೀನಸ್ ಟೋರ್ವಾಲ್ಡ್ಸ್ ಎಂಬವರು 2005ರಲ್ಲಿ ಗಿಟ್ ಎಂಬ ಸಾಧನವನ್ನು ರಚಿಸಿದರು. ಅದನ್ನಾಧರಿಸಿ 2008ರಲ್ಲಿ ಗಿಟ್‌ಹಬ್ ಎಂಬ ತಾಣವು ತೆರೆಯಿತು. ಅಂಥವು ಈಗ ಹಲವುಂಟು. ಅಳಿಸಿದ ಪಂಕ್ತಿಯು ಕೆಂಪಾಗಿಯೂ ಸೇರಿಸಿದುದು ಹಸುರಾಗಿಯೂ ತೋರುವುದು. ಓದುವವನು ಆ ಪಂಕ್ತಿಯ ಬಳಿಯಲ್ಲೇ ತನ್ನ ಆಕ್ಷೇಪವನ್ನು ಬರೆಯಬಹುದು.

ಕ್ರಮವೇನೋ ಚೆಲುವಾದುದೇ. ಆದರೆ ಮಗನ ಕಛೇರಿಯ ತಾಣದಲ್ಲಿ ಮಾರ್ಪಾಟು ದೊಡ್ಡದಾದರೆ ಕಡತವು ಮಡಿಸಿಕೊಂಡು ಮರೆಯಾಗುವುದಂತೆ. ಪಂಕ್ತಿಯನ್ನು ತಿದ್ದಿದೊಡನೆ ಹಿಂದಿನ ಆಕ್ಷೇಪವು ಎಲ್ಲೋ ಅಡಗುವುದಂತೆ. ಒಪ್ಪಿಗೆಯ ಗುಂಡಿಯೊಂದು ಮಾತ್ರ ಸದಾ ಕೈಗೆಟುಕುವಂತಿದೆ. ಒಂದು ಸಂಜೆ ಅವನು ಮಡಿಸಿದ ಕಡತವನ್ನು ಬಿಚ್ಚದೆಯೇ ಆ ಗುಂಡಿಯನ್ನೊತ್ತಿದನು. ದೋಷವು ಅದರೊಳಗೇ ಇದ್ದಿತು. ನಿಂದೆಯೆಲ್ಲವೂ ಬರೆದವಳಾದ ಕಿರಿಯ ಹುಡುಗಿಯ ಪಾಲಾಯಿತು. “ತಾಣವೇ ತೋರಿಸಲಿಲ್ಲ, ಅಪ್ಪಾ” ಎಂದನು.

ಪಾಣಿನೀಯವನ್ನು ಓದಿದ ನನಗೆ ಆ ವಾಕ್ಯದ ಕರ್ತೃಪದವೇ ಚುಚ್ಚಿತು. ಕಡಿಯುವವನು ಕರ್ತೃ, ಕೊಡಲಿಯು ಕರಣ. ಹೇಳುವವನ ಇಚ್ಛೆಯಂತೆ ‘ಕೊಡಲಿಯು ಕಡಿಯುತ್ತದೆ’ ಎಂದೂ ಹೇಳಬಹುದು. ವ್ಯಾಕರಣವು ಅದಕ್ಕೆ ಎಡೆಗೊಡುವುದು. ಧರ್ಮವು ಎಡೆಗೊಡುವುದೇ? ಒಪ್ಪಿಗೆಯೆಂದರೆ ‘ನಾನು ಓದಿದೆನು’ ಎಂಬ ಮಾತು. ಓದದೆ ಕೊಟ್ಟ ಒಪ್ಪಿಗೆಯು ಅನೃತವೇ ಸರಿ.

ಹೀಗೆಂದು ಬೋಧಿಸಹೊರಟ ನನ್ನ ನಾಲಗೆಯು ತಡೆಯಿತು. ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಅಂಕಣಗಳು ತುಂಬಿದ ರಿಜಿಸ್ಟರುಗಳನ್ನು ಸಂಜೆಯೊಳಗೆ ಮುಗಿಸುವ ಅವಸರದಿಂದ, ಮಕ್ಕಳ ನೋಟುಪುಸ್ತಕಗಳನ್ನು ಓದದೆಯೇ ಕೆಂಪು ಮಸಿಯಲ್ಲಿ ರುಜು ಹಾಕಿದ ದಿನಗಳು ನನಗೂ ಉಂಟು. ಓದಲು ಬಿಡುವು ಕೊಡದ ಏರ್ಪಾಟಿಗೆ ಆ ತಪ್ಪಿನಲ್ಲಿ ಪಾಲಿಲ್ಲವೇ? ಉಂಟು. ನಮ್ಮ ನೆರೆಯ ಪೀಣ್ಯದ ಕಾರ್ಖಾನೆಯಲ್ಲಿ ಯಂತ್ರದ ಹಿಡಿಯು ಕೈಗೆಟುಕದಿದ್ದರೆ, ವಿವೇಕಿಯಾದ ಯಜಮಾನನು ಕೆಲಸಗಾರನಿಗೆ ನೀತಿ ಹೇಳುತ್ತ ಕೂರನು, ಹಿಡಿಯನ್ನು ಸರಿಸುವನು. ಸತ್ಯವನ್ನು ಕಷ್ಟವಾಗಿಯೂ ಅನೃತವನ್ನು ಸುಲಭವಾಗಿಯೂ ಮಾಡಿಟ್ಟವನು ಅನೃತದಲ್ಲಿ ಪಾಲುಗಾರನೇ.

ಆದರೆ ಪಾಲುಗಾರನೊಬ್ಬನು ಸಿಕ್ಕಿದ ಮಾತ್ರಕ್ಕೆ ನಮ್ಮ ಪಾಲು ತೀರಿಹೋಗದು. ತಾಳೆಯೋಲೆಯ ಗ್ರಂಥಗಳನ್ನು ಪ್ರತಿಮಾಡಿದವರ ಉಪಕರಣವೇನು ಸುಖದ್ದಾಗಿತ್ತೇ? ಓಲೆಯ ಮೇಲೆ ಲೋಹದ ಕಂಟದಿಂದ ಅಕ್ಷರಗಳನ್ನು ಕೊರೆಯಬೇಕು. ಕೊರೆದುದನ್ನು ಅಳಿಸುವುದು ಸುಲಭವಲ್ಲ. ಬಾಗಿದ ಬೆನ್ನು ಕತ್ತುಗಳ ನೋವನ್ನು ಅವರು ಗ್ರಂಥಾಂತ್ಯದಲ್ಲಿ ಹೇಳಿಕೊಂಡುದುಂಟು. ತಪ್ಪುಗಳನ್ನು ತಿದ್ದಿ ಓದಿರೆಂದು ಬಲ್ಲವರನ್ನು ಬೇಡಿಕೊಂಡುದೂ ಉಂಟು. ಕಷ್ಟವನ್ನು ಹೇಳುವುದೂ ತಪ್ಪನ್ನು ಒಪ್ಪುವುದೂ ಒಂದಕ್ಕೊಂದು ವಿರುದ್ಧವಲ್ಲವೆಂದು ಅವರು ಬಲ್ಲರು.

ಇಷ್ಟನ್ನು ಮಗನಿಗೆ ಹೇಳಿದೆನು. ನನ್ನ ಕೆಂಪು ಮಸಿಯ ಸಂಗತಿಯನ್ನೂ ಮುಚ್ಚಿಡಲಿಲ್ಲ. ಮರುದಿನ ಅವನು ಮೇಲಧಿಕಾರಿಗಳಿಗೆ ಎರಡು ಮಾತು ಬರೆದನು: ‘ಕಡತವನ್ನು ನಾನು ಓದದೆ ಒಪ್ಪಿದೆನು, ಹುಡುಗಿಯೊಬ್ಬಳನ್ನೇ ದೂಷಿಸಬಾರದು’ ಎಂದು ಒಂದು, ‘ಕಡತವನ್ನು ಬಿಚ್ಚುವ ತನಕ ಒಪ್ಪಿಗೆಯ ಗುಂಡಿಯು ತೆರೆಯದಂತೆ ಏರ್ಪಡಿಸಬೇಕು’ ಎಂದು ಇನ್ನೊಂದು. ಎರಡನೆಯದಕ್ಕೆ ಉತ್ತರವು ಇನ್ನೂ ಬಂದಿಲ್ಲ. ಮೊದಲನೆಯದಕ್ಕೆ ಉತ್ತರವನ್ನು ಕಾಯಬೇಕಾಗಿರಲಿಲ್ಲ.